ಹೇಳಿ ಕಳಿಸ್ತೀವಿ

ತುಂಬಾ ಮೇಲೆ — ಮೇಲೆ ಅಂದರೆ ಎಷ್ಟು ಮೇಲೆ, ಯಾರಿಗಿಂತ ಮೇಲೆ, ಫೋನಿನ ಗಾಜಿನಲ್ಲಿ ಆ ಪದ ಅಲ್ಲಾಡುತ್ತಿದೆ, ಅಲ್ಲಾಡಿಸುತ್ತಿರುವುದು ನನ್ನ ಹೆಬ್ಬೆರಳೋ ಅಜ್ಜಿಯ ಕುರ್ಚಿಯ ಪಕ್ಕದ ಯಂತ್ರವೋ, ರಕ್ತವನ್ನು ಎಳೆದು ತೊಳೆದು ಮತ್ತೆ ಒಳಗೆ ಬಿಡುವ ಆ ಯಂತ್ರದ ಗುಂಯ್ ಎನ್ನುವ ಸದ್ದು ನೆಲದಿಂದ ನನ್ನ ಕುರ್ಚಿಯ ಕಾಲಿಗೆ, ಅಲ್ಲಿಂದ ನನ್ನ ಹಲ್ಲಿಗೆ ಏರುತ್ತಿದೆ, ಪ್ರಿಯ ಓಡೆಟ್, ನಿಮ್ಮನ್ನು ಸಂದರ್ಶಿಸಿದ್ದು ನಮಗೆ ತುಂಬಾ ಸಂತೋಷ ಕೊಟ್ಟಿತು, ನಮ್ಮ ಪಟ್ಟಿಯಲ್ಲಿ ನಿಮ್ಮನ್ನು ತುಂಬಾ ಮೇಲೆ ಇಡಲಿದ್ದೇವೆ, ನೀವು ಬಂದರೆ ಅದು ನಮ್ಮ ಭಾಗ್ಯ — ಮೊಂಟಾನಾದ ಆಸ್ಪತ್ರೆ, ನಾನು ಕಾಲಿಡದ ಸೀಮೆ, ಸಂದರ್ಶನದ ದಿನ ಪರದೆಯಲ್ಲಿ ಡಾಕ್ಟರ್ ಲಿಂಡ್‌ಕ್ವಿಸ್ಟ್ ಅವರ ಬೆನ್ನ ಹಿಂದೆ ಕಿಟಕಿ, ಕಿಟಕಿಯ ತುಂಬ ಹಿಮ, ಆಕೆಯ ನಗುವೂ ಹಿಮದ ಹಾಗೆ ಎಲ್ಲ ಕಡೆ ಒಂದೇ ದಪ್ಪಕ್ಕೆ ಬಿದ್ದಿತ್ತು. ಎರಡು ತುಂಬಾ, ಒಂದು ಭಾಗ್ಯ. ನಮ್ಮ ತರಗತಿಯ ಫೋನ್ ಗುಂಪಿನಲ್ಲಿ ಇಂಥ ಪದಗಳನ್ನು ಎಕ್ಸ್‌ರೇ ಹಾಳೆಯಂತೆ ಬೆಳಕಿಗೆ ಹಿಡಿದು ನೋಡುತ್ತಾರೆ, ಬರೀ ಮೇಲೆ ಅಂದ್ರೆ ಏನೂ ಇಲ್ಲ ಕಣ್ರೋ, ತುಂಬಾ ಮೇಲೆ ಅಂದ್ರೆ ಇರಬಹುದು, ಜಾಗ ಸಿಗೋವಷ್ಟು ಮೇಲೆ ಅಂದ್ರೆ ಮಾತ್ರ ನಿಜ, ಭಾಗ್ಯ ಅಂತ ಬಂದ್ರೆ ಕಾರ್ಯದರ್ಶಿ ಬರೆದಿದ್ದು ಅಂತ ತಿಳ್ಕೊಳ್ಳಿ. ಹೋದ ವರ್ಷದ ಜೊಸ್ಲಿನ್ ಒಂದು ತುಂಬಾವನ್ನು ನಂಬಿ ಉಳಿದ ಊರುಗಳನ್ನೆಲ್ಲ ಪಟ್ಟಿಯಿಂದ ಅಳಿಸಿಬಿಟ್ಟಳು, ಎಲ್ಲಿಯೂ ಸಿಗಲಿಲ್ಲ, ವೈದ್ಯ ಪದವಿಯನ್ನು ಗೋಡೆಗೆ ತೂಗುಹಾಕಿ ಈಗ ಬೇರೆ ಡಾಕ್ಟರರು ಹೇಳಿದ್ದನ್ನು ಟೈಪ್ ಮಾಡುತ್ತಾಳೆ.

ಏನ್ ಅದು, ಬೆಳಿಗ್ಗೆಯಿಂದ ಫೋನನ್ನ ಹಾಗೆ ನೋಡ್ತಿದೀಯ, ಅದೇನು ಮೊಟ್ಟೆ ಇಡತ್ತಾ ಅಂತ ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಾಳೆ, ಏನಿಲ್ಲಜ್ಜಿ, ಏನಿಲ್ಲದೆ ಇದ್ರೆ ಹುಬ್ಬು ಯಾಕೆ ಗಂಟು, ಅವಳ ಎಡತೋಳಿನಲ್ಲಿ ಎರಡು ಸೂಜಿ, ರಕ್ತನಾಳಗಳನ್ನು ಸೇರಿಸಿ ಹೊಲಿದ ಜಾಗ ಹಗ್ಗದ ಗಂಟಿನಂತೆ ಉಬ್ಬಿದೆ, ಅಲ್ಲಿ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದಂತೆ ನಡುಕ, ಹರಿಯುತ್ತಿದ್ದರೆ ನಡುಗುತ್ತದೆ, ನಿಂತರೆ ಇಲ್ಲ, ಅದಕ್ಕೆ ಅರ್ಥ ಹೇಳಲು ಗುಂಪು ಸೇರಬೇಕಿಲ್ಲ. ಯಂತ್ರದ ಕೊಳವೆಗಳನ್ನು ಸರಿಮಾಡುವ ಡೆಲ್ಬರ್ಟ್ ಬಂದು ಏನ್ ಮಿಸ್ ಅರ್ಲೀನ್, ಭಾನುವಾರ ಗೆಣಸಿನ ಕಡುಬು ತಿಂದ್ರಿ ಅಲ್ವಾ, ನಿಮ್ಮ ರಕ್ತ ಎಲ್ಲ ಹೇಳ್ತಿದೆ ಅನ್ನುತ್ತಾನೆ, ಅಜ್ಜಿ, ನನ್ನ ರಕ್ತ ಚಾಡಿ ಹೇಳತ್ತೆ ಅಂತ ಗೊತ್ತಿದ್ರೆ ಅದನ್ನ ಮನೇಲೇ ಬಿಟ್ಟು ಬರ್ತಿದ್ದೆ ಕಣೋ. ನಗುತ್ತೇನೆ, ನಗುತ್ತಲೇ ಕಿಟಕಿಯಾಚೆ ನೋಡುತ್ತೇನೆ, ಅಲ್ಲಿ ಗುಡ್ಡ, ಗುಡ್ಡದ ಮೇಲೆ ಆಸ್ಪತ್ರೆ, ನಮ್ಮ ಬೀದಿಯವರು ಹೆಸರು ಹೇಳುವುದಿಲ್ಲ, ಗುಡ್ಡ ಅನ್ನುತ್ತಾರೆ, ಗುಡ್ಡಕ್ಕೆ ಕರ್ಕೊಂಡು ಹೋದ್ರು, ಗುಡ್ಡದಿಂದ ಬರಲಿಲ್ಲ — ಮತ್ತೆ ಆ ಪೆನ್ನು, ಜನವರಿಯ ಸಂದರ್ಶನದ ಪೆನ್ನು. ಟಕ್.

ಇವತ್ತು ಸಂಜೆ ಪಟ್ಟಿಗೆ ಬೀಗ ಬೀಳುತ್ತದೆ. ವೈದ್ಯ ಓದು ಮುಗಿಸುತ್ತಿರುವ ನಾವು ತರಬೇತಿಗೆ ಬೇಕಾದ ಆಸ್ಪತ್ರೆಗಳನ್ನು ಒಂದರ ಕೆಳಗೊಂದು ಬರೆದಿಡಬೇಕು, ಆಸ್ಪತ್ರೆಗಳು ಬೇಕಾದ ನಮ್ಮನ್ನು ಒಬ್ಬರ ಕೆಳಗೊಬ್ಬರನ್ನು ಬರೆದಿಡುತ್ತವೆ, ಎಲ್ಲಿಯೋ ಒಂದು ಕಂಪ್ಯೂಟರ್ ಎರಡನ್ನೂ ತೆಗೆದುಕೊಂಡು ಗಂಟು ಹಾಕುತ್ತದೆ, ಮಾರ್ಚಿನ ಒಂದು ಶುಕ್ರವಾರ ಲಕೋಟೆ ಒಡೆದರೆ ಅದರೊಳಗೆ ಒಂದು ಊರು, ಇನ್ನು ಮೂರು ವರ್ಷ ಅಲ್ಲೇ ನಿನ್ನ ಅನ್ನ ನೀರು ನಿದ್ದೆ. ಕಾಲೇಜಿನ ಸಲಹೆಗಾರ್ತಿ ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತಾರೆ, ಅವ್ರು ಏನು ಬರೆದ್ರು ಅಂತ ನೋಡಬೇಡಿ, ನಿಮಗೆಲ್ಲಿ ಬೇಕೋ ಅದನ್ನ ಮೊದಲು ಹಾಕಿ, ಕಂಪ್ಯೂಟರ್ ಮೊದಲು ಕೇಳೋದು ನಿಮ್ಮ ಆಸೇನ, ಮೊದಲನೇದು ಸಿಗದಿದ್ರೆ ತಾನೇ ಎರಡನೇದಕ್ಕೆ ಹೋಗತ್ತೆ, ಕಳ್ಕೊಳ್ಳೋದು ಏನೂ ಇಲ್ಲ, ಹೊಗಳಿದವರನ್ನ ಮೇಲೆ ಹಾಕೋದು ದಡ್ಡತನ. ಗೊತ್ತು ನನಗೆ, ಗೊತ್ತಿದ್ದೂ ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಅಜ್ಜಿಯ ಕೈ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗುಡ್ಡವನ್ನು ಮೊದಲ ಸ್ಥಾನದಿಂದ ಕೆಳಗೆ ಜಾರಿಸಿದೆ, ಬೆರಳಿನಿಂದ ಎಳೆದರೆ ಸಾಕು, ಎಷ್ಟು ಸಲೀಸು, ಮೊಂಟಾನಾ ಮೇಲೆ ಬಂತು, ಹಿಮ ಮೇಲೆ ಬಂತು, ಇನ್ನು ಬೀಗದ ಗುಂಡಿ ಒತ್ತುವುದೊಂದೇ ಬಾಕಿ. ಅಮ್ಮ ಬಸ್ ಓಡಿಸುವ ಪಾಳಿಗೆ ಹೊರಡುವ ಮುಂಚೆ ಹೇಳಿದ್ದೂ ಅದನ್ನೇ, ಯಾರು ಬಾ ಅಂತಾರೋ ಅವರ ಮನೆಗೆ ಹೋಗ್ಬೇಕು ಕಣೇ, ಬಾಗಿಲು ತೆಗೀದವರ ಮೆಟ್ಟಿಲ ಮೇಲೆ ಕೂತು ನಿನ್ನ ಅಜ್ಜಿ ಹಾಗೆ ಆಗ್ಬೇಡ. ಅಜ್ಜಿ ಹಾಗೆ. ಅಜ್ಜಿ ಅಲಬಾಮಾದಿಂದ ಬಂದ ಹೊಸದರಲ್ಲಿ ಭಾನುವಾರದ ಬೂಟು ಹಾಕಿಕೊಂಡು ಅದೇ ಗುಡ್ಡ ಹತ್ತಿ ದಾದಿಯ ಕೆಲಸ ಕಲಿಸ್ತೀರಾ ಅಂತ ಕೇಳಿದಳು, ಮೇಜಿನ ಹಿಂದಿನ ಮನುಷ್ಯ ತುಂಬ ಮರ್ಯಾದೆಯಿಂದ ಹೇಳಿ ಕಳಿಸ್ತೀವಮ್ಮಾ ಅಂದ, ಅಜ್ಜಿ ನಂಬಿದಳು, ಆ ಬೇಸಿಗೆಯೆಲ್ಲ ಜಗುಲಿಯಲ್ಲಿ ಬೂಟು ಬಿಚ್ಚದೆ ಕೂತಳು, ಹೇಳಿ ಕಳಿಸಿದರೆ ತಕ್ಷಣ ಹೊರಡಬೇಕಲ್ಲ, ಯಾರೂ ಬರಲಿಲ್ಲ, ಕೊನೆಗೆ ಅವಳೇ ಹೋಗಿ ನಿಂತಳು, ಸಿಕ್ಕಿದ್ದು ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ನಮ್ಮ ಮನೆಯಲ್ಲಿ ಆ ಮಾತು ಉಳಿದುಕೊಂಡಿತು, ಫ್ರಿಜ್ ರಿಪೇರಿಯವನು ಬರದಿದ್ದರೆ ಹೇಳಿ ಕಳಿಸ್ತಾನಂತೆ, ಚಿಕ್ಕಪ್ಪನಿಗೆ ಹುಡುಗಿ ಒಲ್ಲೆ ಅಂದರೆ ಹೇಳಿ ಕಳಿಸ್ತಾಳಂತೆ, ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದೆವು, ಅಜ್ಜಿಯೂ ನಗುತ್ತಿದ್ದಳು, ಬೂಟಿನ ಕಥೆ ಮಾತ್ರ ಎರಡನೇ ಸಲ ಹೇಳುತ್ತಿರಲಿಲ್ಲ.

ಜನವರಿಯಲ್ಲಿ ಪರದೆಯೊಳಗೆ ಡಾಕ್ಟರ್ ಹ್ಯಾವರ್ಟಿ, ಗುಡ್ಡದ ತರಬೇತಿಯ ಮುಖ್ಯಸ್ಥ, ಬಿಳಿ ಹುಬ್ಬು, ಹಸಿರು ಪೆನ್ನು, ಯಾಕೆ ನಮ್ಮಲ್ಲಿಗೇ ಬರಬೇಕು ಅಂತೀರಿ ಅಂತ ಕೇಳಿದರು, ನಾನು ಕಲಿತಿಟ್ಟ ಉತ್ತರ ಬಿಟ್ಟು ಬೇರೆಯೇ ಹೇಳಿದೆ, ನಮ್ಮ ಜಗುಲಿಯಿಂದ ನಿಮ್ಮ ಆಸ್ಪತ್ರೆಯ ದೀಪ ಕಾಣುತ್ತದೆ, ನನ್ನ ಅಜ್ಜಿ ನಿಮ್ಮ ಹಾಸಿಗೆ ಬಟ್ಟೆ ಒಗೆದಳು, ಅವಳ ಮೂತ್ರಪಿಂಡ ಕೆಟ್ಟಾಗ ಅದೇ ಹಾಸಿಗೆಯ ಮೇಲೆ ಮಲಗಿದಳು, ನಿಮ್ಮ ಎಳೆಯ ಡಾಕ್ಟರರು ಸೂಜಿ ಹಾಕುವುದನ್ನು ನಮ್ಮ ಬೀದಿಯ ತೋಳುಗಳ ಮೇಲೆ ಕಲಿತರು, ಕಲಿತು ಬೇರೆ ಊರಿಗೆ ಹೋದರು, ನಾನು ಹೋಗುವವಳಲ್ಲ — ಅಷ್ಟರಲ್ಲಿ ಟಕ್, ಮುಚ್ಚಳ ತೆಗೆದರು, ನಿಬ್ಬು ಕಾಗದದ ಮೇಲೆ ಬಂತು, ನಾನು ಮಾತಾಡುತ್ತಲೇ ಇದ್ದೆ, ಕಣ್ಣೆಲ್ಲ ನಿಬ್ಬಿನ ಮೇಲೆ, ನಿಬ್ಬು ಅಲ್ಲೇ ನಿಂತಿತ್ತು, ಇಳಿಯಲಿಲ್ಲ, ಮತ್ತೆ ಟಕ್, ಮುಚ್ಚಳ ಹಾಕಿದರು. ಒಂದಕ್ಷರ ಬರೆಯಲಿಲ್ಲ. ಮನಸ್ಸು ತುಂಬಿ ಬರೆಯಲು ಮರೆತರೇ, ಬರೆಯುವಂಥದ್ದು ಏನೂ ಇಲ್ಲ ಅನ್ನಿಸಿತೇ, ಅಥವಾ ಸೂಜಿಯ ಮಾತು ಚುಚ್ಚಿತೇ, ಜನವರಿಯಿಂದ ನಾನು ಆ ಮುಚ್ಚಳವನ್ನು ತೆಗೆಯುತ್ತಿದ್ದೇನೆ ಹಾಕುತ್ತಿದ್ದೇನೆ. ಕೊನೆಗೆ ಅವರೇ, ಸಂದರ್ಶನ ಮುಗಿದ ಮೇಲೆ ನಾವು ಯಾರಿಗೂ ಬರೆಯಲ್ಲ, ನೀವೂ ದಯವಿಟ್ಟು ಬರೀಬೇಡಿ, ಎಲ್ಲರಿಗೂ ಒಂದೇ ನ್ಯಾಯ ಇರಲಿ ಅಂತ ಅಂದರು. ನನಗೆ ಎಷ್ಟು ಹಾಯೆನಿಸಿತು, ಇಗೋ ನೆಟ್ಟಗೆ ಮಾತಾಡುವ ಒಂದು ಆಸ್ಪತ್ರೆ, ಇಲ್ಲಿ ಮೌನಕ್ಕೆ ಮೌನ ಅಂತಲೇ ಅರ್ಥ, ಮೊಂಟಾನಾ ತುಂಬಾ ತುಂಬಾ ಅಂತ ಬರೆದಾಗಲೂ ಗುಡ್ಡದ ಮೌನವನ್ನು ನಾನು ಗೌರವ ಎಂದೇ ಓದಿಕೊಂಡೆ.

ಗ್ರಾಂಟ್ ಬೆಳಿಗ್ಗೆ ಫೋನ್ ಮಾಡುವವರೆಗೆ. ಗ್ರಾಂಟ್ ಕೆಟ್ಟವನಲ್ಲ, ಶವಚ್ಛೇದನದ ಮೇಜಿನಲ್ಲಿ ನನ್ನ ಜೊತೆಗಾರ, ನನಗೆ ವಾಂತಿ ಬಂದಾಗ ಭುಜ ಹಿಡಿದುಕೊಂಡವನು, ಹೇಯ್ ಓಡೆಟ್, ಗುಡ್ಡದವರು ನಿನಗೂ ಫೋನ್ ಮಾಡಿದ್ರಾ, ನಿನ್ನೆ ಹ್ಯಾವರ್ಟಿ ಅವರೇ ಮಾಡಿದ್ರು ಕಣೇ, ನೀನು ನಮ್ಮ ಹುಡುಗ, ಜಾಗ ಇದೆ ಅಂತ ತಿಳ್ಕೋ ಅಂದ್ರು. ನಾನು, ಬರೀಬೇಡಿ ಅಂದಿದ್ರಲ್ಲ ಗ್ರಾಂಟ್. ಅಯ್ಯೋ ಅದೆಲ್ಲ ಹೇಳೋ ಮಾತು, ನಾನು ಜನವರಿಯಲ್ಲೇ ಬರೆದೆ, ನೀವೇ ನನ್ನ ಪಟ್ಟೀಲಿ ಮೊದಲು ಅಂತ, ಅಪ್ಪ ಅಂದ್ರು, ಬರೀಬೇಡಿ ಅಂದ್ರೆ ಚೆನ್ನಾಗಿ ಬರಿ ಅಂತ ಅರ್ಥ ಅಂತ, ನೀನು ಬರೀಲಿಲ್ವಾ, ಅಯ್ಯೋ, ನಿಂಗೆ ಯಾರೂ ಹೇಳಲಿಲ್ವಾ. ಯಾರೂ ಹೇಳಲಿಲ್ಲ. ಯಾರು ಹೇಳಬೇಕಿತ್ತು. ಅವನ ಅಪ್ಪ ಅದೇ ಗುಡ್ಡದಲ್ಲಿ ಕಲಿತವರು, ಅವರ ಮನೆಯ ಊಟದ ಮೇಜಿನಲ್ಲಿ ಮಕ್ಕಳು ಚಾಕು ಚಮಚ ಹಿಡಿಯುವುದನ್ನು ಕಲಿಯುವಾಗಲೇ ಬೇಡ ಅಂದರೆ ಬೇಕು ಎನ್ನುವುದನ್ನೂ ಕಲಿತುಬಿಡುತ್ತಾರೆ, ನಮ್ಮ ಮನೆಯಲ್ಲಿ ಕಲಿಸಿದ್ದು ಬೇರೆ — ಕರಿಯರು ಒಳಗೆ ಬರಬೇಡಿ ಎಂಬ ಹಲಗೆಯನ್ನು ಬನ್ನಿ ಎಂದು ಓದಿಕೊಂಡವರ ಬೆನ್ನಿನ ಚರ್ಮ ಏನಾಯಿತು, ಯಾರ ದೇಹ ಯಾವ ಹೊಳೆಯಲ್ಲಿ ಸಿಕ್ಕಿತು, ಇದನ್ನು ನಮ್ಮ ಅಜ್ಜಿಯಂದಿರು ತಲೆ ಬಾಚುತ್ತ ಹೇಳಿಕೊಟ್ಟರು, ಬರೆದದ್ದನ್ನು ಬರೆದ ಹಾಗೇ ಓದು ಮಗಾ, ಜೀವ ಉಳಿಯತ್ತೆ. ಬರೆದ ಹಾಗೇ ಓದಿದೆ. ಜೀವ ಉಳಿಯಿತು, ಜಾಗ ಹೋಯಿತು. ಒಂದೇ ವಾಕ್ಯ ನಮ್ಮಿಬ್ಬರಿಗೂ ಹೇಳಿದ್ದು, ಒಂದೇ ಬಾಯಿಂದ, ಒಂದೇ ನ್ಯಾಯ ಅಂತ ಬೇರೆ ಸೇರಿಸಿ, ಅವನಿಗೆ ಅದು ಬಾಗಿಲು, ನನಗೆ ಗೋಡೆ, ಕಾನೂನೆಂಬುದು ಈ ದೇಶದಲ್ಲಿ ಅದನ್ನು ನಂಬುವವರ ಕಾಲಿಗೆ ಮಾತ್ರ ಕಟ್ಟಿದ ಹಗ್ಗ, ಹಾಗಿದ್ದ ಮೇಲೆ ನಾನು ಯಾಕೆ ಅವರನ್ನು ಮೊದಲು ಇಡಬೇಕು, ಹೋಗಲಿ ಗುಡ್ಡ ಕೆಳಗೆ, ಬೆರಳಿನಿಂದ ಎಳೆದೆ, ಅವರಿಗೆ ಗೊತ್ತೂ ಆಗುವುದಿಲ್ಲ, ನನ್ನ ಪಟ್ಟಿಯನ್ನು ಯಾರೂ ನೋಡುವುದಿಲ್ಲ, ಯಾರೂ ನೋಡದ ಕಡೆ ತೀರಿಸಿಕೊಂಡ ಸೇಡು, ಅದರ ಬೆಲೆ ಹ್ಯಾವರ್ಟಿ ಕೊಡುವುದಿಲ್ಲ, ಅಜ್ಜಿಯ ಪಕ್ಕದ ಈ ಕುರ್ಚಿ ಕೊಡುತ್ತದೆ, ಖಾಲಿಯಾಗಿ.

ಬಾಯಿ ಬಿಡು ಅಂತ ಅಜ್ಜಿ, ಬಾಯಿ ಬಿಡದೆ ಅವಳ ಮುಂದೆ ಯಾರು ಗೆದ್ದಿದ್ದಾರೆ, ಹೇಳಿದೆ, ಮೊಂಟಾನಾದ ತುಂಬಾ, ಗ್ರಾಂಟನ ಫೋನು, ಪೆನ್ನು. ಪೆನ್ನಿನ ಮಾತಿಗೆ ಅವಳು ಕಣ್ಣು ತೆರೆದಳು, ತೆಗೆದು ಬರೀಲೇ ಇಲ್ವಾ, ಇಲ್ಲಜ್ಜಿ, ಶಾಯಿ ಇರಲಿಲ್ವೇನೋ ಪಾಪ, ಡೆಲ್ಬರ್ಟ್ ಆಚೆಯಿಂದ ನಗುತ್ತಾನೆ, ಅಜ್ಜಿ ನಗುವುದಿಲ್ಲ, ಮತ್ತೆ ನೀನೇನು ಬರೆದೆ, ಗುಡ್ಡಕ್ಕೆ ಏನೂ ಬರೀಲಿಲ್ಲಜ್ಜಿ, ಬೇಡ ಅಂದಿದ್ರಲ್ಲ, ಆ ಹಿಮದವಳಿಗೆ? ಅವಳಿಗೆ — ಹುಡುಕಿ ತೆಗೆದು ಓದುತ್ತೇನೆ, ನಿಮ್ಮ ಆಸ್ಪತ್ರೆಯ ಬಗ್ಗೆ ನನಗೆ ತುಂಬಾ ಆಸಕ್ತಿ ಇದೆ. ಇದೇ ವಾಕ್ಯ ಕೆಂಟಕಿಗೆ, ಇದೇ ಇಂಡಿಯಾನಾಕ್ಕೆ, ಸಂದರ್ಶನ ಕೊಟ್ಟ ಎಲ್ಲರಿಗೂ ಇದೇ ತುಂಬಾ, ಹೆಸರು ಮಾತ್ರ ಬದಲು, ಅಲ್ಲೆಲ್ಲೋ ಹಿಮದ ಕಿಟಕಿಯ ಮುಂದೆ ಲಿಂಡ್‌ಕ್ವಿಸ್ಟ್ ಕೂಡ ನನ್ನ ಪದವನ್ನು ಬೆಳಕಿಗೆ ಹಿಡಿದು ನೋಡಿರಬೇಕು, ತುಂಬಾ ಅಂದರೆ ಎಷ್ಟು. ಅಜ್ಜಿಯ ತುಟಿ ಓರೆಯಾಗುತ್ತದೆ, ಹಾಗಾದ್ರೆ ನೀನೂ ಅವರಿಗೆ ಹೇಳಿ ಕಳಿಸ್ತೀವಿ ಅಂದ ಹಾಗಾಯ್ತಲ್ಲೇ ಡಾಕ್ಟರಮ್ಮ. ಮುಖಕ್ಕೆ ರಪ್ಪನೆ ಬಿದ್ದಂತಾಯಿತು. ಅಲ್ಲಜ್ಜಿ, ಇನ್ನೇನು ಮಾಡ್ಲಿ, ಎಲ್ಲ ಮುಗಿದ ಮೇಲೆ ಹೋಗಿ ಬೇಡೋದಾ. ಬೇಡೋದಲ್ಲ ಹುಚ್ಚಿ, ಹೇಳೋದು, ನಾನು ಬೂಟು ಹಾಕ್ಕೊಂಡು ಸುಮ್ನೆ ಕೂತಿದ್ದೆ ನೋಡು, ಬೇಸಿಗೆ ಪೂರ್ತಿ, ಕಾಲು ಬೆವತು ಗುಳ್ಳೆ ಎದ್ದಿತ್ತು, ಆ ಗುಳ್ಳೆ ಮೇಲೆ ನಂಗೆ ಇವತ್ತಿಗೂ ಸಿಟ್ಟು, ಆ ಮೇಜಿನವನ ಮೇಲಲ್ಲ. ಎರಡನೇ ಸಲ. ಬೂಟಿನ ಕಥೆ ಎರಡನೇ ಸಲ ಹೇಳಿದಳು. ನಿಂಗೆ ಎಲ್ಲಿ ಬೇಕು, ಇಲ್ಲಿ ಅಜ್ಜಿ, ನನ್ನ ಸಲುವಾಗಿ ಅನ್ನೋದಾದ್ರೆ ಹಿಮಕ್ಕೇ ಹೋಗು, ನಿನ್ನ ಸಲುವಾಗಿ ಒಂದಷ್ಟು ಹೌದಜ್ಜಿ, ಮತ್ತೆ ಉಳಿದಿದ್ದು? ಉಳಿದದ್ದು — ಆ ಸೂಜಿ, ನಮ್ಮ ಬೀದಿಯ ತೋಳಿಗೆ ಸೂಜಿ ಹಾಕುವ ಕೈ ನಮ್ಮ ಬೀದಿಯದಾಗಬೇಕು, ಒಮ್ಮೆಯಾದರೂ, ಅದನ್ನು ಅವರು ದಾನ ಕೊಡುವುದಲ್ಲ, ಅದರ ಬೆಲೆಯನ್ನು ಈ ತೋಳುಗಳು ಆಗಲೇ ಕೊಟ್ಟಾಗಿದೆ.

ಸೂರ್ಯ ಕಿಟಕಿಯಿಂದ ಅಜ್ಜಿಯ ಮಡಿಲಿಗೆ ಜಾರಿದ್ದಾನೆ, ಬರೆಯುತ್ತೇನೆ, ಡಾಕ್ಟರ್ ಹ್ಯಾವರ್ಟಿ, ಬರೆಯಬೇಡಿ ಎಂದಿರಿ, ನಾನು ಅದನ್ನು ಬರೆದ ಹಾಗೇ ಓದಿದೆ, ಎಲ್ಲರೂ ಹಾಗೆ ಓದಲಿಲ್ಲ ಎಂದು ಇವತ್ತು ತಿಳಿಯಿತು, ಆದ್ದರಿಂದ ಬರೆಯುತ್ತಿದ್ದೇನೆ, ನಿಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆಸೆ ನನಗೆ ತುಂಬಾ — ತುಂಬಾ ಅಳಿಸುತ್ತೇನೆ, ಆಸೆ ಅಳಿಸುತ್ತೇನೆ — ನನ್ನ ಪಟ್ಟಿಯಲ್ಲಿ ನೀವು ಮೊದಲು. ಅಷ್ಟೇ. ಹೆಸರು. ಕಳಿಸಿದೆ, ಹೋಯಿತು, ಹೋಗುವ ಸದ್ದು ಎಷ್ಟು ಸಣ್ಣದು, ಅವರ ಬೀಗವೂ ಸಂಜೆಗೇ ಬೀಳುವುದು, ಓದುತ್ತಾರೋ ಇಲ್ಲವೋ, ಓದಿ ಗ್ರಾಂಟನ ಹೆಸರಿನ ಕೆಳಗೆ ಎಲ್ಲಿ ಇಡುತ್ತಾರೋ, ಆಗಲೇ ಇಟ್ಟು ಕೈ ತೊಳೆದುಕೊಂಡಿದ್ದಾರೋ, ಈಗ ಪಟ್ಟಿ, ಬೆರಳಿನಿಂದ ಎಳೆಯುತ್ತೇನೆ, ಹಿಮ ಕೆಳಗಿಳಿಯುತ್ತದೆ, ಗುಡ್ಡ ಮೇಲೆ ಬರುತ್ತದೆ, ಬೀಗದ ಗುಂಡಿ, ಖಚಿತವೇ ಎಂದು ಕೇಳುತ್ತದೆ, ಖಚಿತ, ಒತ್ತಿದೆ. ಮುಗೀತಾ, ಅಂತ ಅಜ್ಜಿ. ಹೂಂ ಅಜ್ಜಿ. ಏನಂತಾರಂತೆ? ಗೊತ್ತಿಲ್ಲಜ್ಜಿ, ಹೇಳಿ ಕಳಿಸ್ತಾರಂತೆ — ಅಜ್ಜಿಯ ಹೊಟ್ಟೆ ಕುಲುಕುತ್ತದೆ, ಏಯ್ ನಗಿಸಬೇಡ, ಸೂಜಿ ಅಲ್ಲಾಡತ್ತೆ, ಅವಳ ತೋಳಿನ ಗಂಟಿನ ಮೇಲೆ ಬೆರಳಿಡುತ್ತೇನೆ, ನಡುಕ ಇದೆ, ಹರಿಯುತ್ತಿದೆ, ಫೋನನ್ನು ಕವುಚಿ ಹಾಕುತ್ತೇನೆ, ಕವುಚಿದ ಫೋನಿನಡಿ ಏನೂ ಇಲ್ಲ, ಸದ್ದಿಲ್ಲ, ಗುಡ್ಡದ ಮೇಲೆ ಯಾವುದೋ ಒಂದು ಕೋಣೆ, ಮೇಜು, ಬಿಳಿ ಹುಬ್ಬು, ಹಸಿರು ಪೆನ್ನು, ಟಕ್, ಮುಚ್ಚಳ ತೆರೆದಿದೆ, ಕಾಗದ, ಕಾಗದದ ಮೇಲೆ ನಿಬ್ಬು, ಇಳಿದಿಲ್ಲ, ಇನ್ನೂ ಇಳಿದಿಲ್ಲ, ನಿಬ್ಬು