ಬಜಿಗೂರಿನ ಹಾಡಿಗೆ ಬಿದ್ದ ಉಪ್ಪು

ಗುರುವಾರ ಬೆಳಿಗ್ಗೆ ಹತ್ತಕ್ಕೆ ಗಾರುತ್ ಊರಿನ ರೇಡಿಯೊದಲ್ಲಿ ಉಂದಾಂಗನ ಹಾಡು ಮೊದಲ ಸಲ ಬಂತು. ದರ್ಜಿ ಉಂದಾಂಗ್ ಹೊಲಿಗೆ ಯಂತ್ರದಿಂದ ಕಾಲು ತೆಗೆದು, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಮೇಜಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಕೂತ. ಆ ವರ್ಷ ಊರಿನ ಪಡ್ಡೆಗಳಿಗೆಲ್ಲ ಆನೆಕಿವಿಯಂಥ ಬೆಲ್‌ಬಾಟಂ ಹೊಲಿದೂ ಹೊಲಿದೂ ಅವನ ಬೆನ್ನು ಬಗ್ಗಿಹೋಗಿತ್ತು. ಆದರೂ ಸಂಜೆಯಾದರೆ ಮದುವೆ ವಾದ್ಯಗೋಷ್ಠಿಯ ಗೆಳೆಯರನ್ನು ಕೂಡಿಸಿಕೊಂಡು ಮೂರು ತಿಂಗಳು ಈ ಹಾಡು ಕಟ್ಟಿದ್ದ. ಬಜಿಗೂರಿನ ಮೇಲೆ ಹಾಡು! ಆ ಬೆಟ್ಟದೂರಿನ ಚಳಿಯಲ್ಲಿ ಬಿಸಿ ಬಜಿಗೂರಿನ ಲೋಟ ಹಿಡಿಯದ ಕೈಯೇ ಇಲ್ಲ. ಹಾಡು ಗೆಲ್ಲದೆ ಎಲ್ಲಿ ಹೋದೀತು ಎಂದು ಅವನ ಎಣಿಕೆ.

ತುತ್ತೂರಿ ಕಿರುಚಿತು, ಡೋಲು ಕುಣಿಯಿತು. ಉಂದಾಂಗನ ಬಾಸ್ ಗಿಟಾರು ಕೆಸರಿನಲ್ಲಿ ಎಮ್ಮೆ ಹೆಜ್ಜೆ ಹಾಕಿದಂತೆ ಡುಬುಕು ಡುಬುಕು ಎಂದಿತು.

ತೆಂಗಿನ ಹಾಲು, ತಾಳೆಯ ಬೆಲ್ಲ,
ಶುಂಠಿಯ ಜಜ್ಜು, ಬೇರೇನಿಲ್ಲ!

‘ಬೇರೇನಿಲ್ಲ’ ಆದ ಮೇಲೆ ಡೋಲಿನ ಎರಡು ಏಟಿನಷ್ಟು ಮೌನ. ಆ ಮೌನದಲ್ಲಿ ಕೇಳುವವನ ಸೊಂಟ ತಾನಾಗಿಯೇ ತಿರುಗಬೇಕು. ಅದೊಂದಕ್ಕೇ ಉಂದಾಂಗ್ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದ.

ಪ್ಯಾಂಟಿನ ಅಳತೆ ಕೊಡಲು ಬಂದು ನಿಂತಿದ್ದವನು ಜಟಕಾ ಓಡಿಸುವ ಓಮೊ. ಊರಿಗೆಲ್ಲ ಚಿಕ್ಕಪ್ಪನಾದ್ದರಿಂದ ಎಲ್ಲರ ಬಾಯಲ್ಲೂ ಮಾಂಗ್ ಓಮೊ.

“ಹೆಂಗಿತ್ತು ಮಾಂಗ್?”

“ಚೆನ್ನಾಗೇನೋ ಇತ್ತಪ್ಪ. ಉಪ್ಪೆಲ್ಲಿ?”

“ಯಾವ ಉಪ್ಪು?”

“ಒಂದು ಚಿಟಿಕೆ ಉಪ್ಪು ಬೀಳ್ದಿದ್ರೆ ಅದೇನು ಬಜಿಗೂರು, ಕೂಸು ಕಕ್ಕಿದ ಹಾಲು! ನೀನು ನೋಡಿದ್ರೆ ‘ಬೇರೇನಿಲ್ಲ’ ಅಂತ ಎದೆ ತಟ್ಕೊಂಡು ಹಾಡ್ತೀಯಲ್ಲೋ.”

“ಅದಿರ್ಲಿ ಮಾಂಗ್, ಬಾಸ್ ಹೆಂಗಿತ್ತು?”

“ಯಾವ ಬಸ್ಸು?”

ಮಧ್ಯಾಹ್ನ ಊಟ ತಂದ ಹೆಂಡತಿ ಎಂತಿನ್ ಬಾಗಿಲಲ್ಲೇ ಎಚ್ಚರಿಸಿದಳು. “ರೀ ಕಾಂಗ್, ಇವತ್ತು ಎಮಾ ಕಣ್ಣಿಗೆ ಬೀಳ್ಬೇಡಿ.”

ಎಮಾ ಎಂದರೆ ಅವಳ ತಾಯಿ ರುಕೊಯಾ. ಸಂತೆಮೂಲೆಯಲ್ಲಿ ಮೂವತ್ತು ವರ್ಷದಿಂದ ಬಜಿಗೂರು ಕಾಸಿ ಮಾರುವ ಹೆಂಗಸು. ಉಂದಾಂಗ್ ಸಂಜೆ ಧೈರ್ಯ ಮಾಡಿ ಹೋದ. ಬೆಂಚಿನ ಮೇಲಿದ್ದವರು ಬೇಯಿಸಿದ ಕಡಲೆಕಾಯಿ ಸುಲಿಯುತ್ತ, “ಏನೆಮಾ, ಅಳಿಯಂಗೆ ಇಷ್ಟು ವರ್ಷ ಸಪ್ಪೆ ಕುಡಿಸಿದ್ರಾ?” ಎಂದು ಕಿಚಾಯಿಸುತ್ತಿದ್ದರು.

ಅತ್ತೆ ಸೌಟು ಎತ್ತಿದಳು. “ಹತ್ತು ವರ್ಷ ನನ್ಮನೆ ಉಪ್ಪು ತಿಂದು, ಉಪ್ಪೇ ಇಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆದ್ಯಲ್ಲೋ!”

“ಎಮಾ, ಅದು ಪ್ರಾಸಕ್ಕೆ...”

“ಪ್ರಾಸಾನ ನೀನೇ ಕಾಸ್ಕೊಂಡು ಕುಡಿ.”

ಭಾನುವಾರ ರೇಡಿಯೊದ ನಿರೂಪಕ ಯಾಯತ್ ಕೇಳುಗರ ಕಾಗದ ಓದಿದ. ಒಂದೇ ಹಾಡಿಗೆ ಮೂವತ್ತೊಂದು ಕಾಗದ! ಉಂದಾಂಗ್ ಹೆಂಡತಿಯನ್ನೂ ಕರೆದು ಕೂರಿಸಿಕೊಂಡ. ಶಾಲೆಯ ಮೇಷ್ಟ್ರು ಘಮಕ್ಕೆ ಹಾಕುವ ಪಂದನ್ ಎಲೆಯನ್ನೇಕೆ ಬಿಟ್ಟಿರಿ ಎಂದು ಕೇಳಿದ್ದರು. ಹಾಜಿಯೊಬ್ಬರು, ಶುಂಠಿಯನ್ನು ಕೆಂಡದಲ್ಲಿ ಸುಟ್ಟೇ ಜಜ್ಜಬೇಕು, ಎಳೆಯರಿಗೆ ಸುಳ್ಳು ಕಲಿಸಬಾರದು ಎಂದು ಬುದ್ಧಿ ಹೇಳಿದ್ದರು. ಬಂದ್ರೆಕ್ ಮಾರುವವನೊಬ್ಬ, ಬರೀ ಬೆಲ್ಲ ಶುಂಠಿ ಅಂದರೆ ಅದು ನಮ್ಮ ಬಂದ್ರೆಕ್, ತೆಂಗಿನ ಹಾಲು ಸುರಿದು ಕದ್ದಿದ್ದಾನೆ ಎಂದು ದೂರಿದ್ದ. ಮಿಕ್ಕವೆಲ್ಲ ಉಪ್ಪಿನವೇ. ಒಂದೇ ಒಂದು ಕಾಗದ “ನಿಮ್ಮ ವಾದ್ಯದ ಸದ್ದು...” ಎಂದು ಶುರುವಾದಾಗ ಉಂದಾಂಗ್ ರೇಡಿಯೊದ ಸದ್ದು ಏರಿಸಿದ. “...ಎಷ್ಟು ಜೋರೆಂದರೆ, ನೀವು ಉಪ್ಪು ಅಂದಿರೋ ಇಲ್ಲವೋ ತಿಳಿಯಲಿಲ್ಲ.”

ಎಂತಿನ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು.

ಮಾರನೆಯ ದಿನ ಅತ್ತೆಯೇ ಅಂಗಡಿಗೆ ಬಂದಳು. “ಬದಲಾಯ್ಸು.”

“ಜಾಗ ಇಲ್ಲ ಎಮಾ.”

“‘ಬೇರೇನಿಲ್ಲ’ ಅಂದ್ಮೇಲೆ ಮೂಗರ ಥರ ನಿಲ್ತೀರಲ್ಲ, ಅಲ್ಲಿ ಹಾಕು.”

“ಅಯ್ಯೋ, ಅದು ಮೌನ! ಹಾಡಿನ ಜೀವಾನೇ ಅಲ್ಲಿರೋದು!”

“ಜೀವಕ್ಕೂ ಉಪ್ಪು ಬೇಕಪ್ಪ.”

ಉಂದಾಂಗ್ ಜಗ್ಗಲಿಲ್ಲ. ಆ ಶನಿವಾರ ತಾರೊಗೊಂಗಿನ ಮದುವೆಮನೆಯಲ್ಲಿ ಇದ್ದ ಹಾಗೆಯೇ ಹಾಡು ಎತ್ತಿದ. ‘ಬೇರೇನಿಲ್ಲ’ ಎಂದು ಹಾಡಿ ನಿಂತದ್ದೇ ತಡ, ಅಡುಗೆ ಚಪ್ಪರದಿಂದ ಗಂಟೆ ಹೊಡೆದಂಥ ದನಿ ಬಂತು.

“ಉಪ್ಪು!”

ಮದುವೆಗೆ ಬಜಿಗೂರು ಕಾಸಲು ಬಂದಿದ್ದ ಅತ್ತೆ! ಚಪ್ಪರ ಗೊಳ್ಳೆಂದಿತು. ಎರಡನೆಯ ಸಲ ಹೆಂಗಸರೆಲ್ಲ ಕೂಗಿದರು. ಮೂರನೆಯ ಸಲ ಇಡೀ ಮದುವೆಮನೆ “ಉಪ್ಪು!” ಎಂದಿತು. ಉಂದಾಂಗನಿಗೆ ಅಳು ಬರುವಷ್ಟು ಸಿಟ್ಟು. ತನ್ನ ಮೌನವನ್ನು ಹೀಗೆ ತುಳಿಯುತ್ತಿದ್ದಾರಲ್ಲ! ಬಾಸ್ ಕಳಚಿಟ್ಟು ಹೋಗಿಬಿಡೋಣ ಎಂದು ತಲೆ ಎತ್ತಿದ. ನೋಡಿದರೆ ಮದುಮಗನ ಮುತ್ತಜ್ಜಿ ಕುರ್ಚಿಯಿಂದ ಎದ್ದು ನಿಂತು, ಒಂದೊಂದು “ಉಪ್ಪು!” ಕೂಗಿಗೂ ಸೊಂಟ ಒಂದು ಸುತ್ತು ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಹಳ್ಳಿಯ ಮುಖಂಡರು, ಅವರ ಪಕ್ಕ ಮಾಂಗ್ ಓಮೊ, ಎಲ್ಲರದ್ದೂ ಅದೇ ತಿರುಗಣಿ. ಅವನ ಬೆರಳು ತಂತಿ ಬಿಡಲಿಲ್ಲ. ಮುಂದಿನ ಸರದಿಗೆ ತಾನೇ ಕೈ ಎತ್ತಿ “ಉಪ್ಪು!” ಎಂದು ಅರಚಿದ.

ಅಂದು ಅದೇ ಹಾಡನ್ನು ಏಳು ಸಲ ನುಡಿಸಬೇಕಾಯಿತು. ಏಳನೆಯ ಸಲ ಯಾವನೋ ಹಿಂದಿನಿಂದ “ಕಾಫಿ ಪುಡಿ!” ಎಂದು ಕೂಗಿದ. ಅವನನ್ನು ಗೇಟಿನವರೆಗೂ ಅಟ್ಟಿಸಿಕೊಂಡು ಹೋದರು.

ತಿಂಗಳೊಳಗೆ ಹೊಸದಾಗಿ ಧ್ವನಿಮುದ್ರಿಸಲು ಬಾಂದುಂಗ್ ನಗರದ ಸ್ಟುಡಿಯೊದಿಂದ ಕರೆ ಬಂತು. ಕೂಗುವುದಕ್ಕೆಂದು ಅತ್ತೆಯೂ ಸಂತೆಯ ನಾಲ್ವರು ಹೆಂಗಸರೂ ಬಸ್ಸು ಹತ್ತಿದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಎಲ್ಲರೂ ಬೆವೆತು ತೊಪ್ಪೆಯಾದರೂ ಅತ್ತೆ ಬಿಡಲಿಲ್ಲ. “ಇದು ಜಾಸ್ತಿ ಆಯ್ತು, ಇನ್ನೊಂದ್ಸಲ,” “ನೀನು ಗಂಟಲಲ್ಲಿ ಅಂತೀಯ ಕಣೇ, ನಾಲಿಗೆ ತುದೀಲಿ ಅನ್ನು,” ಎಂದು ಹದಿನಾಲ್ಕು ಸಲ ಹಾಡಿಸಿದಳು. ಕೊನೆಗೆ ಯಂತ್ರದವನು ಕೈಮುಗಿದು, “ಈ ತಂಡಕ್ಕೆ ಯಜಮಾನ್ರು ಯಾರು?” ಎಂದು ಕೇಳಿದ.

ಡೋಲಿನವನು ಅತ್ತೆಯ ಕಡೆ ಬೆರಳು ಮಾಡಿದ. ತುತ್ತೂರಿಯವನೂ ಮಾಡಿದ. ಉಂದಾಂಗ್ ಒಂದು ಗಳಿಗೆ ತಡೆದು, ತಾನೂ ಮಾಡಿದ.