ಬಿದಿರು ದಬ್ಬೆಯ ಚುಕ್ಕಿ

ಈ ಸಲ ಕ್ರಿಸ್‌ಮಸ್ಸಿಗೆ ಅಂಗಡಿಯಿಂದ ಒಂದು ಅಲಂಕಾರದ ಸಾಮಾನೂ ತರುವುದಿಲ್ಲವೆಂದು ಜ್ಯೋತ್ಸ್ನಾ ನವೆಂಬರಿನಲ್ಲೇ ಗಂಡ ಪುನೀತನಿಗೆ ಹೇಳಿಬಿಟ್ಟಿದ್ದಳು. ಬೆಟಗೇರಿಯ ತವರಿನಲ್ಲಿ ಅಜ್ಜಿ ಮಾಡುತ್ತಿದ್ದಂತೆ ಎಲ್ಲವೂ ಕೈಯಿಂದಲೇ ಆಗಬೇಕು. ಮದುವೆಯಾಗಿ ಖಡಕಿಗೆ ಬಂದ ಮೂರು ವರ್ಷವೂ ಅಟ್ಟದಿಂದ ಇಳಿಯುತ್ತಿದ್ದ ಪ್ಲಾಸ್ಟಿಕ್ ಗಿಡ ನೋಡಿ ಅವಳಿಗೆ ಸಾಕಾಗಿತ್ತು.

ಅತ್ತೆ ಪ್ರೇಮಾವತಿ ಏನೆನ್ನುತ್ತಾರೋ ಎಂಬ ಅಳುಕಿತ್ತು. ಆದರೆ ಅವರೇ ಕತ್ತರಿ ಹಿಡಿದು ಜೊತೆಗೆ ಕೂತರು. ಹಳೆಯ ಕ್ಯಾಲೆಂಡರುಗಳನ್ನು ಸೀಳಿ ಕಾಗದದ ಸರಪಳಿ ಮಾಡಿದರು. ಕೇಕಿಗೆಂದು ತಂದ ಮೊಟ್ಟೆಗಳಿಗೆ ಸೂಜಿಯಿಂದ ತೂತು ಮಾಡಿ, ಒಳಗಿನದನ್ನು ಬಸಿದು, ಖಾಲಿ ಚಿಪ್ಪಿಗೆ ಬಣ್ಣ ಬಳಿದರು. ಹರಿದ ಇಳಕಲ್ ಸೀರೆಯ ಸೆರಗಿನಲ್ಲಿ ಹತ್ತಿ ತುಂಬಿ ಗುಬ್ಬಿಗಳನ್ನು ಹೊಲಿದರು. ಅರವತ್ತೇಳರ ಅತ್ತೆಯ ಕೈ ತನಗಿಂತ ಚುರುಕಾಗಿ ಓಡುವುದನ್ನು ಕಂಡು ಜ್ಯೋತ್ಸ್ನಾಗೆ ಸೋಜಿಗವಾಗಿತ್ತು.

ಒಂದು ಸಂಜೆ ಅವಳು ಕ್ರಿಸ್‌ಮಸ್ ನಕ್ಷತ್ರ ಕಟ್ಟಲೆಂದು ಕ್ಯಾಂಪಿನ ಬುಟ್ಟಿ ಹೆಣೆಯುವವರಿಂದ ಬಿದಿರು ದಬ್ಬೆಗಳನ್ನು ತಂದು ಅತ್ತೆಯ ಮುಂದೆ ಹರವಿದಳು. "ಚುಕ್ಕಿ ಹೆಂಗ ಕಟ್ಟೂದ್ರಿ, ಅತ್ತಿ?"

ಪ್ರೇಮಾವತಿ ಕತ್ತರಿ ಕೆಳಗಿಟ್ಟರು. "ಚುಕ್ಕಿ ಒಂದು ಬ್ಯಾಡವಾ," ಎಂದು ಎದ್ದು ಒಳಗೆ ಹೋದರು.

ಯಾಕೆಂದು ಪುನೀತನಿಗೂ ಗೊತ್ತಿರಲಿಲ್ಲ. ತಾನು ಶಾಲೆಯಲ್ಲಿದ್ದಾಗ ಮನೆಯ ಮುಂದೆ ದೊಡ್ಡ ಚುಕ್ಕಿ ತೂಗುತ್ತಿತ್ತು, ಆಮೇಲೆ ನಿಂತುಹೋಯಿತು ಎಂದಷ್ಟೇ ಹೇಳಿದ. ಜ್ಯೋತ್ಸ್ನಾ ಒಬ್ಬಳೇ ಕಟ್ಟಲು ಹೋದಳು. ಒಂದು ಮೂಲೆ ಉದ್ದವಾಯಿತು, ಒಂದು ಗಿಡ್ಡವಾಯಿತು, ದಬ್ಬೆ ಜಾರಿ ಬೆರಳು ಕೊಯ್ದಿತು. ಆ ಬೆರಳಿಗೆ ಪಟ್ಟಿ ಕಟ್ಟಲು ಕೂತಾಗಲೇ ಪ್ರೇಮಾವತಿ ಬಾಯಿ ಬಿಟ್ಟದ್ದು.

ಮದ್ದುಗುಂಡಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗ ಎದುರು ಮನೆಯಲ್ಲಿ ಗದಗಿನ ಶಿವಗಂಗವ್ವ ಇದ್ದರಂತೆ. ಇಬ್ಬರಿಗೂ ಸೇರಿ ಬಿದಿರಿನ ಚೌಕಟ್ಟು ಒಂದೇ. ದೀಪಾವಳಿಗೆ ಅದಕ್ಕೆ ಕೇಸರಿ ಕಾಗದ ಹಚ್ಚಿದರೆ ಅವರ ಮನೆಯ ಆಕಾಶಬುಟ್ಟಿ, ಡಿಸೆಂಬರಿನಲ್ಲಿ ಬಿಳಿ ಕಾಗದ ಹಚ್ಚಿದರೆ ಇವರ ಮನೆಯ ಚುಕ್ಕಿ. ಕಟ್ಟುವವರು ಶಿವಗಂಗವ್ವ, ಅಂಟಿಸುವವರು ಪ್ರೇಮಾವತಿ. ಹನ್ನೊಂದು ವರ್ಷ ಹಾಗೆ ನಡೆಯಿತು. ಹನ್ನೆರಡನೆಯ ವರ್ಷ ಕ್ರಿಸ್‌ಮಸ್ಸಿಗೆ ನಾಲ್ಕು ದಿನವಿರುವಾಗ ಶಿವಗಂಗವ್ವನ ಗಂಡ ತೀರಿಕೊಂಡರು. ಪ್ರೇಮಾವತಿ ಹೋಗಿ ತಬ್ಬಿಕೊಂಡು ಅತ್ತು ಬಂದರು. ಆದರೆ ಮರುದಿನ ಸಂಜೆ ಚರ್ಚಿನವರು ಹಾಡುತ್ತ ಮನೆಗೆ ಬರುವ ಗಡಿಬಿಡಿಯಲ್ಲಿ, ರೂಢಿಯ ಕೈ ಹೋಗಿ ಚುಕ್ಕಿಯ ದೀಪದ ಗುಂಡಿ ಒತ್ತಿಬಿಟ್ಟಿತು. ಶಿವಗಂಗವ್ವ ಬಾಗಿಲಿಗೆ ಬಂದು ಅದನ್ನೊಮ್ಮೆ ನೋಡಿ ಒಳಗೆ ಹೋದರು. ಆಮೇಲೆ ಪ್ರೇಮಾವತಿಗೆ ಆ ಹೊಸ್ತಿಲು ತುಳಿಯುವ ಮುಖವೇ ಉಳಿಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಶಿವಗಂಗವ್ವ ಮಗನೊಂದಿಗೆ ಊರಿನ ಆಚೆ ತುದಿಯ ಬಿಬವೇವಾಡಿಗೆ ಹೊರಟುಹೋದರು. ಹದಿನೇಳು ವರ್ಷವಾಗಿತ್ತು.

ಜ್ಯೋತ್ಸ್ನಾ ಪುನೀತನಿಂದ ಶಿವಗಂಗವ್ವನ ಮಗ ಮಹಾಲಿಂಗನ ನಂಬರು ಕೇಳಿ ಪಡೆದಳು. ಭೇಟಿಗೆ ಹೋಗೋಣವೆಂದರೆ ಪ್ರೇಮಾವತಿ ಎರಡು ದಿನ ಒಲ್ಲೆನೆಂದರು. ಮೂರನೆಯ ದಿನ ತಾವೇ ಸೀರೆ ಉಟ್ಟುಕೊಂಡು ಹೊರಗೆ ಬಂದು ಕೂತರು.

ಬಿಬವೇವಾಡಿಯ ಮನೆಯಲ್ಲಿ ಶಿವಗಂಗವ್ವ ಕಿಟಕಿಯ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೊಣಕಾಲು ನೋವಿನಿಂದ ಏಳಲಾಗಲಿಲ್ಲ. ಪ್ರೇಮಾವತಿ ಕೆಳಗೇ ಕೂತು, ಯಾವ ಪೀಠಿಕೆಯನ್ನೂ ಹಾಕದೆ ಹೇಳಿದರು: "ಅವತ್ತು ಚುಕ್ಕಿ ಹಚ್ಚಿದ್ದು ನನ್ನ ತಪ್ಪು, ಗಂಗಕ್ಕಾ."

ಶಿವಗಂಗವ್ವ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು. "ಸಿಟ್ಟು ಬಂದಿತ್ತು, ಸುಳ್ಳು ಯಾಕ ಹೇಳ್ಲಿ? ಆದ್ರ ಸಿಟ್ಟು ಎಷ್ಟು ದಿನ ಇರ್ತದ, ಪ್ರೇಮಾ? ಮರುದಿನ ನೀ ಬರ್ತಿ ಅಂತ ಬಾಗಲಾ ತಗದು ಕುಂತಿದ್ದೆ. ನೀ ಬರ್ಲಿಲ್ಲ. ಅದು ಮಾತ್ರ ಮರೀಲಿಕ್ಕೆ ಆಗ್ಲಿಲ್ಲ."

ಇಷ್ಟು ವರ್ಷ ಪ್ರೇಮಾವತಿ ತಪ್ಪಿನ ಲೆಕ್ಕವನ್ನೇ ತಪ್ಪಾಗಿ ಹಿಡಿದಿದ್ದರೆಂಬುದು ಜ್ಯೋತ್ಸ್ನಾಗೆ ಆಗ ತಿಳಿಯಿತು. ತಾನು ಇಲ್ಲಿರಬಾರದಿತ್ತೆನಿಸಿ, ತಂದಿದ್ದ ಸೊಟ್ಟ ಚೌಕಟ್ಟನ್ನು ಬೆನ್ನಿನ ಹಿಂದೆ ಸರಿಸಿದಳು. ಶಿವಗಂಗವ್ವನ ಕಣ್ಣು ಅದರ ಮೇಲೆ ಬಿತ್ತು.

"ಅದನ್ನ ಕಟ್ಟಿದವ್ರು ಯಾರು?"

"ನಾನರೀ."

"ಬಿಚ್ಚು. ಐದು ಉದ್ದ ದಬ್ಬಿ ಸಮ ಮಾಡಿ ಕತ್ತರಸು. ಮದಲ ಅಳತಿ, ಆಮ್ಯಾಲ ದಾರ."

ಮಹಾಲಿಂಗ ಕೆಳಗಿನಿಂದ ಉದ್ದನೆಯ ಹೊಸ ದಬ್ಬೆಗಳನ್ನು ತಂದುಕೊಟ್ಟ, ಚಹಾ ತಂದಿಟ್ಟ, ಅದು ಆರಿತು. ಶಿವಗಂಗವ್ವ ಬಿಗಿಯಾಗಿ ಗಂಟು ಹಾಕಿದರು, ಜ್ಯೋತ್ಸ್ನಾ ಹಿಡಿದುಕೊಂಡಳು. ಮೈದಾಹಿಟ್ಟಿನ ಅಂಟು ಕಾಯಿಸಲು ಪ್ರೇಮಾವತಿ ಯಾರನ್ನೂ ಕೇಳದೆ ಅಡುಗೆಮನೆಗೆ ಹೋದರು. ಆದ ಮಾತೆಲ್ಲ ಕಾಗದ ಎಳೆ, ಸಡಿಲ ಬಿಡು, ಅಲ್ಲಿ ಸುಕ್ಕಾಗಿದೆ ಎಂಬಂಥದ್ದೇ.

ಹೊತ್ತು ಇಳಿಯುವಷ್ಟರಲ್ಲಿ ಎದೆಯೆತ್ತರದ ಚುಕ್ಕಿ ಸಿದ್ಧವಾಗಿತ್ತು. ಅದು ರಿಕ್ಷಾದೊಳಗೆ ಹಿಡಿಯಲಿಲ್ಲ. ಅಡ್ಡ ಮಾಡಿದರು, ಓರೆ ಮಾಡಿದರು, ಮೂಲೆ ಹರಿಯುವಂತಾಯಿತು. ಮೇಲಿನ ಕಿಟಕಿಯಿಂದ ನೋಡುತ್ತಿದ್ದ ಶಿವಗಂಗವ್ವ, ಅದನ್ನು ಇಲ್ಲೇ ತೂಗುಹಾಕಲು ಮಗನಿಗೆ ಹೇಳಿದರು. ಪ್ರೇಮಾವತಿ ಅಳುಕುತ್ತ, ನಿಮ್ಮ ಮನೆಗೆ ಹೇಗೆ, ಅದೂ ಅವರು ತೀರಿಕೊಂಡ ಡಿಸೆಂಬರಿನಲ್ಲಿ, ಎಂದರು. ಮಹಾಲಿಂಗ ಆಗಲೇ ಹಗ್ಗ ಹುಡುಕುತ್ತಿದ್ದ.

ದಾರಿಯಲ್ಲಿ ಪ್ರೇಮಾವತಿ ಬೆರಳಿಗೆ ಮೆತ್ತಿದ್ದ ಮೈದಾ ಅಂಟನ್ನು ಕೆರೆದು ತೆಗೆಯುತ್ತಿದ್ದರು. "ಕ್ಷಮಿಸೀನಿ ಅಂತ ಅನ್ಲಿಲ್ಲ ನೋಡು ಆಕಿ," ಎಂದರು.

"ಬರಬ್ಯಾಡ ಅಂತನೂ ಅನ್ಲಿಲ್ರೀ," ಎಂದಳು ಜ್ಯೋತ್ಸ್ನಾ.

ಮುಂದಿನ ವಾರದಲ್ಲಿ ಪ್ರೇಮಾವತಿ ಎರಡು ಸಲ ಒಬ್ಬರೇ ಬಿಬವೇವಾಡಿಗೆ ಹೋಗಿಬಂದರು. ಹಬ್ಬದ ದಿನ ಖಡಕಿಯ ಮನೆಗೆ ಬಂದವರು ಮೊಟ್ಟೆಚಿಪ್ಪು, ಸೀರೆಯ ಗುಬ್ಬಿಗಳನ್ನು ಮುಟ್ಟಿಮುಟ್ಟಿ ನೋಡಿದರು. ಎಲ್ಲ ಇದ್ದೂ ಚುಕ್ಕಿಯೇ ಇಲ್ಲವಲ್ಲ ಎಂದು ಯಾರೋ ಕೇಳಿದಾಗ, ಪ್ರೇಮಾವತಿ ಕರ್ಚಿಕಾಯಿಯ ತಟ್ಟೆ ಮುಂದೆ ಹಿಡಿದರು.

"ಅದನ್ನ ನಮ್ಮ ಗಂಗಕ್ಕನ ಮನ್ಯಾಗ ಹಚ್ಚೇವ್ರಿ," ಎಂದರು.