ಸೀಮೆಸುಣ್ಣದ ಹೆಸರು

ನಾನೊಂದು ಕರಿ ಟ್ರಂಕು. ಬೆಳಗಾವಿಯ ತಗಡಿನ ಅಂಗಡಿಯಲ್ಲಿ ಸುತ್ತಿಗೆಯ ಪೆಟ್ಟು ತಿಂದು ಹುಟ್ಟಿದೆ. ನನ್ನನ್ನು ಕೊಂಡವನು ಭರಮಪ್ಪ, ಆಗಷ್ಟೇ ಮಿಲಿಟ್ರಿ ಸೇರಿದ್ದ. ಬಿಳಿ ಆಯಿಲ್ ಪೇಂಟಿನಲ್ಲಿ ಮುಚ್ಚಳದ ಮೇಲೆ ತನ್ನ ಹೆಸರು, ನಂಬರು ಬರೆದ. ಇಪ್ಪತ್ತೆರಡು ವರ್ಷ ಅವನ ಮಂಚದ ಕೆಳಗಿದ್ದೆ. ಅವನ ಅಕ್ಷರ ದುಂಡಗಿತ್ತು. ಸತ್ತ ಜೊತೆಗಾರರ ಟ್ರಂಕುಗಳನ್ನು ಮನೆಗೆ ಕಳಿಸುವಾಗ ಹೆಸರು ಬರೆಯುವ ಕೆಲಸ ಅವನಿಗೇ ಬೀಳುತ್ತಿತ್ತು. ಮೂರು ಸಲ ನೋಡಿದ್ದೇನೆ. ಬರೆದ ದಿನ ಅವನು ಉಣ್ಣುತ್ತಿರಲಿಲ್ಲ.

ನಿವೃತ್ತನಾಗಿ ಊರಿಗೆ ಬಂದವನು ಹೆಸರು ಕೆರೆದು, ಕರಿ ಬಣ್ಣ ಬಳಿದು, ನನ್ನನ್ನು ತಮ್ಮ ಸತ್ಯಪ್ಪನಿಗೆ ಕೊಟ್ಟ. ಸತ್ಯಪ್ಪ ಟೆರಿಟೋರಿಯಲ್ ಆರ್ಮಿಯವನು. ವರ್ಷಕ್ಕೆ ಎರಡು ತಿಂಗಳು ಕ್ಯಾಂಪು, ಉಳಿದ ಹತ್ತು ತಿಂಗಳು ಹೊಲ.

“ನಿಂದೆಂಥಾ ಮಿಲಿಟ್ರಿನೋ? ಬೀಗರ ಮನಿಗೆ ಹೋಗಿ ಬಂದಂಗ!” ಎಂದು ಭರಮಪ್ಪ ಕಾಡುತ್ತಿದ್ದ.

“ನೀ ಅಲ್ಲೇ ಇದ್ದು ಎತ್ತು ಹೂಡೂದ ಮರ್ತಿ. ನಾ ಎರಡೂ ಮಾಡ್ತೀನಿ, ಅಣ್ಣಾ.”

ಎರಡು ತಿಂಗಳಿಗೆ ಪೇಂಟು ಯಾಕೆಂದು ಸತ್ಯಪ್ಪ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದ. ಅವನು ಮರಳಿದ ದಿನವೇ ಹೆಂಡತಿ ಕಸ್ತೂರವ್ವ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ನನ್ನೊಳಗೆ ಬಿತ್ತನೆಯ ಜೋಳ ತುಂಬುತ್ತಿದ್ದಳು. ಏಳು ವರ್ಷ ಹೀಗೇ ನಡೆಯಿತು.

ಎಂಟನೆಯ ವರ್ಷ, ಹಿಂಗಾರಿ ಬಿತ್ತನೆಗೆ ಮೊದಲು ಕಾಗದ ಬಂತು. ಕ್ಯಾಂಪಿಗಲ್ಲ, ಗಡಿಗೆ. ಎಷ್ಟು ದಿನವೆಂದು ಬರೆದಿರಲಿಲ್ಲ. ಕಸ್ತೂರವ್ವ ನನ್ನೊಳಗಿನ ಜೋಳವನ್ನು ನೆಲಕ್ಕೆ ಸುರಿದಳು. ಸತ್ಯಪ್ಪ ಸೀಮೆಸುಣ್ಣ ಕೈಗೆತ್ತಿಕೊಂಡ.

“ಈ ಸಲ ಪೇಂಟಿಲೆ ಬರೀಲೇನೋ?” ಎಂದ ಭರಮಪ್ಪ. ತನ್ನ ಮಾತಿಗೆ ತಾನೇ ಬೆದರಿದಂತೆ, “ಬ್ಯಾಡ, ಬ್ಯಾಡ. ಸುಣ್ಣಾನ ಇರಲಿ,” ಎಂದ.

ಅಂದು ಅವನು ಉಣ್ಣಲಿಲ್ಲ.

ದಾರಿಯ ಮಳೆಗೆ ಸುಣ್ಣ ತೊಳೆದುಹೋಯಿತು. ಗಡಿಯ ಬಂಕರಿನಲ್ಲಿ ಹೆಸರಿಲ್ಲದೆ ಕುಳಿತೆ. ನನ್ನ ಮೂಲೆಯಲ್ಲಿ ನಾಲ್ಕು ಜೋಳದ ಕಾಳು ಸಿಕ್ಕಿಕೊಂಡಿದ್ದವು. ಸತ್ಯಪ್ಪ ಆಗಾಗ ಬೆರಳಾಡಿಸಿ ನೋಡುತ್ತಿದ್ದ, ಇವೆಯೋ ಇಲ್ಲವೋ ಎಂದು. ಒಂದು ಬೆಳಿಗ್ಗೆ ಬಂದೂಕು ಹಿಡಿದು ಹೋದವನು ತಿರುಗಿ ಬರಲಿಲ್ಲ. ಎರಡು ದಿನದ ಮೇಲೆ ಯಾರೋ ಸಿಪಾಯಿ ಬಿಳಿ ಪೇಂಟಿನ ಡಬ್ಬಿ ತಂದು ನನ್ನ ಮುಂದೆ ಕುಳಿತ. ಅವನ ಅಕ್ಷರವೂ ದುಂಡಗಿತ್ತು.

ಊರಲ್ಲಿ ಸತ್ಯಪ್ಪನ ಮಣ್ಣಾಗಿ ತಿಂಗಳ ಮೇಲೆ ನಾನು ಮನೆ ಸೇರಿದೆ. ಕಸ್ತೂರವ್ವ ಒದ್ದೆ ಬಟ್ಟೆ ತಂದಳು. ಒರೆಸಿದಳು. ಮತ್ತೆ ಒರೆಸಿದಳು.

“ಅದು ಹೋಗೂದಿಲ್ಲ, ತಂಗಿ,” ಎಂದ ಭರಮಪ್ಪ, ಗೋಡೆಗೆ ಒರಗಿ.

ಈಗ ನನಗೆ ತುಕ್ಕು ಹಿಡಿದಿದೆ. ಜೋಳ ತುಂಬಿಕೊಂಡು ಪಡಸಾಲೆಯ ಮೂಲೆಯಲ್ಲಿದ್ದೇನೆ. ಇಪ್ಪತ್ತೆರಡು ವರ್ಷ ದುಡಿದವನು ತನ್ನ ಹೆಸರನ್ನು ಒಂದೇ ಮಧ್ಯಾಹ್ನದಲ್ಲಿ ಕೆರೆದು ತೆಗೆದಿದ್ದ. ಎರಡು ತಿಂಗಳಿನವನ ಹೆಸರು ಹಾಗೇ ಇದೆ. ಕೆರೆಯಲು ಯಾರಿಗೂ ಕೈ ಬಂದಿಲ್ಲ.